ಹಳೇ ಯೆಜ್ಡಿ ಮನೆಯಲ್ಲೇ ರೆಡಿ ಮಾಡುದು ಹೇಗೆ: ಮೊದ್ಲು ಓಡ್ಲಿ, ಪೇಂಟ್ ಆಮೇಲೆ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಕಡೆ ಹಳೇ ಅಡಿಕೆ ತೋಟದ ಮನೆಗಳಲ್ಲಿ ಈಗ್ಲೂ ಎಲ್ಲಾದ್ರೂ ಒಂದು ಯೆಜ್ಡಿಯೋ ಜಾವಾನೋ ಪಂಪ್ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದುಕೊಂಡು ನಿಂತಿರ್ತದೆ. ಮೈಸೂರಿನ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮಾಡ್ಲಿಕ್ಕೆ ಶುರು ಮಾಡಿದ ಗಾಡಿ, 1970ರ ದಶಕದಲ್ಲಿ ಯೆಜ್ಡಿ ಅಂತ ಹೆಸರಾಯ್ತು, 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಈಗ ಶೋರೂಮಿನಲ್ಲಿ ಸಿಗುವ ಹೊಸ ಯೆಜ್ಡಿ ಬೇರೆಯೇ, ಅದು ಫೋರ್ ಸ್ಟ್ರೋಕ್, ಅದ್ರ ವಿಷಯ ಇಲ್ಲಿ ಇಲ್ಲ. ಹಳೇದು ಟೂ ಸ್ಟ್ರೋಕ್, ಹೆಚ್ಚಿನವು ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 250 ಸಿಸಿ, ಕಿಕ್ಕರೂ ಗೇರೂ ಎಡಬದಿ ಒಂದೇ ಲಿವರಿನಲ್ಲಿ. ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಹಾಗಾಗಿ ಮನೆಯಲ್ಲಿ ಬಿಚ್ಚಿ ಕಲಿಲಿಕ್ಕೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ ಅಂತ ನನ್ನ ಅಭಿಪ್ರಾಯ.

ಹೆಚ್ಚಿನವರು ಇಂಥಾ ಗಾಡಿ ಸಿಕ್ಕಿದ ಕೂಡ್ಲೇ ಮಾಡುದು ಎಂತ ಅಂದ್ರೆ ಸೀದಾ ಪೇಂಟರ್ ಹತ್ರ ಕೊಂಡೋಗುದು. ಮರೂನ್ ಬಣ್ಣ, ಟ್ಯಾಂಕಿಗೆ ಹೊಸ ಕ್ರೋಮ್, ಹೊಸ ಸೀಟು, ಎಲ್ಲ ಆಗಿ ಫೋಟೋ ಹಾಕಿ ಆದ್ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ನೋಡುದು. ಆಗ ಗೊತ್ತಾಗ್ತದೆ ಟ್ಯಾಂಕ್ ಸೋರ್ತದೆ, ಎಂಜಿನ್ ಇಳಿಸ್ಬೇಕು, ಫ್ರೇಮಿನಲ್ಲಿ ಒಂದು ಬ್ರಾಕೆಟ್ ವೆಲ್ಡ್ ಮಾಡ್ಬೇಕು ಅಂತ. ಹೊಸ ಪೇಂಟಿನ ಮೇಲೆ ಪೆಟ್ರೋಲ್ ಬೀಳ್ತದೆ, ಸ್ಪ್ಯಾನರ್ ಜಾರ್ತದೆ, ವೆಲ್ಡಿಂಗ್ ಕಿಡಿ ಹಾರ್ತದೆ, ಕೊಟ್ಟ ದುಡ್ಡೆಲ್ಲ ನೀರಿಗೆ ಹೋಯ್ತು. ಹಾಗಾಗಿ ನಾನು ಯಾರು ಕೇಳಿದ್ರೂ ಹೇಳುದು ಒಂದೇ: ಕಾಗದಪತ್ರ ಮೊದ್ಲು, ಮತ್ತೆ ಎಂಜಿನ್, ಟ್ಯಾಂಕ್, ಕರೆಂಟ್, ಬ್ರೇಕ್. ಇಷ್ಟಾದ ಮೇಲೆ ತುಕ್ಕು ಹಿಡಿದ ಬಣ್ಣದಲ್ಲೇ ಒಂದೆರಡು ತಿಂಗಳು ಓಡಿಸಿ. ಎಲ್ಲಿ ಎಂತ ಸೋರ್ತದೆ, ಯಾವ ಬೋಲ್ಟ್ ಸಡಿಲ ಆಗ್ತದೆ, ಎಲ್ಲ ಗೊತ್ತಾದ ಮೇಲೆ ಪೂರ್ತಿ ಬಿಚ್ಚಿ ಪೇಂಟ್ ಮಾಡಿ.

ಕಾಗದಪತ್ರ

ಇದು ಬೋರ್ ವಿಷಯ, ಆದ್ರೆ ಇದನ್ನು ಬಿಟ್ರೆ ಉಳಿದ ಕೆಲಸಕ್ಕೆ ಅರ್ಥ ಇಲ್ಲ. ಗಾಡಿಗೆ ದುಡ್ಡು ಕೊಡುವ ಮೊದ್ಲು ಫ್ರೇಮಿನ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಚಿಮಿಣಿ ಎಣ್ಣೆ ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸ್ಲೇಬೇಡಿ, ದಪ್ಪ ಪುಟ್ಟಿ ಪೇಂಟೂ ಅಲ್ಲಿ ಬೇಡ, ಮುಂದೆ ಆರ್‌ಟಿಒ ಇನ್ಸ್‌ಪೆಕ್ಟರ್ ಪೆನ್ಸಿಲ್ ಉಜ್ಜಿ ಅಚ್ಚು ತೆಗಿಲಿಕ್ಕೆ ಅದೇ ಬೇಕು.

ನಮ್ಮಲ್ಲಿ ಗಡಿಯ ತಲೆನೋವು ಬೇರೆ ಉಂಟು. ಗಾಡಿ ಸಿಗುದು ಪುತ್ತೂರಿನಲ್ಲೋ ವಿಟ್ಲದಲ್ಲೋ, ನೀವಿರುದು ಕಾಸರಗೋಡಿನಲ್ಲಿ. ಕರ್ನಾಟಕ ನಂಬರಿನ ಗಾಡಿಯನ್ನು ಕೇರಳದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಇಲ್ಲಿಯ ನಂಬರ್, ಅಂದ್ರೆ ಕೆಎಲ್ 14, ಮಾಡಿಸ್ಲೇಬೇಕು, ಅದಕ್ಕೆ ಮೊದ್ಲು ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರ್ಮ್ 28. ಹೆಸರು ಬದಲಾಯಿಸ್ಲಿಕ್ಕೆ ಫಾರ್ಮ್ 29 ಮತ್ತೆ 30. ಅಜ್ಜನ ಗಾಡಿ, ಅಜ್ಜ ತೀರಿಕೊಂಡಿದ್ದಾರೆ, ಆರ್‌ಸಿ ಅವರ ಹೆಸರಲ್ಲೇ ಉಂಟು ಅಂತಾದ್ರೆ ಫಾರ್ಮ್ 31, ಜೊತೆಗೆ ಮರಣ ಪ್ರಮಾಣಪತ್ರ, ವಾರೀಸುದಾರರ ಒಪ್ಪಿಗೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರ ಸೈನು ಬೇಕಾಗ್ತದೆ, ಹಾಗಾಗಿ ಗಾಡಿಗೆ ದುಡ್ಡು ಹಾಕುವ ಮೊದ್ಲೇ ಕುಟುಂಬದಲ್ಲಿ ಮಾತಾಡಿ ಮುಗಿಸಿ. ಗಾಡಿ ಚಂದ ಆದ್ಮೇಲೆ ಕೇಳಿದ್ರೆ ಎಲ್ಲರಿಗೂ ಅದ್ರ ಮೇಲೆ ಪ್ರೀತಿ ಬಂದುಬಿಡ್ತದೆ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂವಲ್ ಫಾರ್ಮ್ 25ರಲ್ಲಿ, ಐದೈದು ವರ್ಷಕ್ಕೆ ಮಾಡಿಸುದು, ಗ್ರೀನ್ ಟ್ಯಾಕ್ಸ್ ಬಾಕಿ ಇದ್ರೆ ಅದೂ ಕಟ್ಬೇಕು. ರಿನ್ಯೂ ಮಾಡದೆ ವರ್ಷಗಟ್ಲೆ ಬಿಟ್ಟ ಗಾಡಿಯಾದ್ರೆ ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿ ರೆಕಾರ್ಡ್ ಈಗ್ಲೂ ಉಂಟಾ ಅಂತ ನೋಡಿ, ಕಾಣದಿದ್ರೆ ಆಫೀಸಿಗೆ ಹೋಗಿ ವಿಚಾರಿಸಿ. 50 ವರ್ಷ ದಾಟಿದ್ದಕ್ಕೆ 2021ರಿಂದ ವಿಂಟೇಜ್ ರಿಜಿಸ್ಟ್ರೇಶನ್ ಅಂತ ಬೇರೆ ದಾರಿ ಉಂಟು, ನಂಬರಿನಲ್ಲಿ ವಿಎ ಅಂತ ಬರ್ತದೆ, ಹೊಸತಾಗಿ ಮಾಡಿಸ್ಲಿಕ್ಕೆ 20,000 ರೂಪಾಯಿ. ಆದ್ರೆ ಆ ನಂಬರ್ ಹಾಕಿದ ಗಾಡಿ ದಿನಾ ಪೇಟೆಗೆ ಓಡಿಸ್ಲಿಕ್ಕೆ ಅಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರ್ಬಹುದು. ದಿನಾ ಓಡಿಸುವ ಆಸೆ ಇದ್ರೆ ಹಳೇ ಆರ್‌ಸಿಯನ್ನೇ ಜೀವಂತ ಇಟ್ಕೊಳ್ಳಿ.

ಶೆಡ್ಡಿನಲ್ಲಿ ಗಾಡಿಗೆ ಆದದ್ದು ಎಂತ ಅಂತ ಮೊದ್ಲು ನೋಡಿ

ಬೆಂಗ್ಳೂರಿನವರು ಬರೆದ ಗೈಡ್ ಓದಿ ನಮ್ಮ ಊರಿನ ಗಾಡಿ ಬಿಚ್ಚಿದ್ರೆ ಲೆಕ್ಕ ತಪ್ತದೆ. ಇಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರ್ತದೆ, ಕುಂಬಳೆ ಮಂಜೇಶ್ವರ ಕಡೆಯಾದ್ರೆ ಸಮುದ್ರದ ಉಪ್ಪುಗಾಳಿ ಬೇರೆ. ಅದಕ್ಕಿಂತಲೂ ಕೆಟ್ಟದ್ದು ಗಾಡಿಯನ್ನು ಎಲ್ಲಿ ನಿಲ್ಲಿಸಿದ್ರು ಅನ್ನುದು. ಹಟ್ಟಿ ಪಕ್ಕದಲ್ಲಿ ನಿಲ್ಲಿಸಿದ ಗಾಡಿಯಾದ್ರೆ ದನದ ಮೂತ್ರದ ಅಮೋನಿಯ ತಾಮ್ರ ಹಿತ್ತಾಳೆಯನ್ನು ತಿಂದಿರ್ತದೆ, ಹೊರಗಿನಿಂದ ವಯರ್ ಚಂದ ಕಂಡ್ರೂ ಒಳಗೆ ಹಸಿರು ಪುಡಿ ಆಗಿರ್ತದೆ. ಅಡಿಕೆಯ ಕೊಳೆರೋಗದ ಮದ್ದಿನ ಸಾಮಾನು ಇಡುವ ಶೆಡ್ ಆದ್ರೆ ಇನ್ನೂ ಹುಷಾರು. ಮೈಲುತುತ್ತು, ಅಂದ್ರೆ ಕಾಪರ್ ಸಲ್ಫೇಟ್ ನೀರು ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಆಗುದಿಲ್ಲ, ತಾಗಿದಲ್ಲಿ ತಾಮ್ರ ಕೂತು ಅಡಿಯ ಲೋಹ ಕರಗ್ಲಿಕ್ಕೆ ಶುರು ಆಗ್ತದೆ. ರಿಮ್ಮಿನಲ್ಲಿ, ಕ್ರ್ಯಾಂಕ್ ಕೇಸಿನ ಅಡಿಯಲ್ಲಿ ಕೆಂಪು ಛಾಯೆಯ ಗುಳಿ ಗುಳಿ ಕಂಡ್ರೆ ಅದೇ. ಅಲ್ಲಿ ಉಗುರು ಹಾಕಿ ನೋಡಿ, ಗುಳಿ ಎಷ್ಟು ಆಳ ಉಂಟು ಅಂತ ಗೊತ್ತಾಗ್ತದೆ.

ಮತ್ತೆ ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು, ಸೈಲೆನ್ಸರ್ ತುದಿಯಲ್ಲಿ, ಕಾರ್ಬೊರೇಟರ್ ಬಾಯಿಯಲ್ಲಿ ಕಣಜದ ಮಣ್ಣಿನ ಗೂಡು. ಇದನ್ನು ನೋಡದೆ ಕಿಕ್ ಹೊಡೆದ್ರೆ ಆ ಮಣ್ಣು ಸೀದಾ ಸಿಲಿಂಡರಿಗೆ ಹೋಗ್ತದೆ, ಬೋರಿನಲ್ಲಿ, ಅಂದ್ರೆ ಸಿಲಿಂಡರಿನ ಒಳಗೋಡೆಯಲ್ಲಿ, ಗೆರೆ ಬೀಳ್ತದೆ. ಗಾಡಿ ಮನೆಗೆ ಬಂದ ದಿನ ಎಲ್ಲರೂ ಅಂಗಳದಲ್ಲಿ ಸೇರಿರ್ತಾರೆ, "ಒಂದ್ಸಲ ಕಿಕ್ ಹೊಡಿ ಮಾರಾಯ, ನೋಡುವ" ಅಂತಾರೆ. ದಯವಿಟ್ಟು ಹೊಡಿಬೇಡಿ.

ಕೆಲಸದ ಜಾಗಕ್ಕೆ ದೊಡ್ಡ ವರ್ಕ್‌ಶಾಪ್ ಬೇಕಿಲ್ಲ. ಸಿಮೆಂಟ್ ನೆಲ, ಮೇಲೆ ಶೀಟು, ಒಂದು ಗಟ್ಟಿ ಮೇಜು, ವೈಸ್, ಒಳ್ಳೆ ಬೆಳಕು. ನೆಲ ಮಣ್ಣಿನದ್ದಾದ್ರೆ ಟಾರ್ಪಾಲು ಹಾಸಿ, ಸಣ್ಣ ಸರ್ಕ್ಲಿಪ್ (ಪಿನ್ನು ಜಾರದ ಹಾಗೆ ಹಿಡಿಯುವ ಸ್ಪ್ರಿಂಗ್ ಬಳೆ) ಹಾರಿ ಕೆಂಪು ಮಣ್ಣಿಗೆ ಬಿದ್ರೆ ಸಿಗುದಿಲ್ಲ. ಸಾಮಾನಿನಲ್ಲಿ ದುಡ್ಡು ಉಳಿಸ್ಲಿಕ್ಕೆ ಹೋಗದಿರುವಂಥದ್ದು ಮೂರು: ಒಳ್ಳೆ ರಿಂಗ್ ಸ್ಪ್ಯಾನರ್ ಸೆಟ್, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್, ಮತ್ತೆ ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್. ಮಲ್ಟಿಮೀಟರ್ ಅಗ್ಗದ್ದೇ ಸಾಕು. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೀರಿ, ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ ಎಲ್ಲಿಯದ್ದು ಅಂತ ಚೀಟಿ ಹಾಕಿ. ಹಳೇ ಪಾರ್ಟ್ ಯಾವುದನ್ನೂ ಹೊಸತು ಕೂತು ಕೆಲಸ ಮಾಡುವ ತನಕ ಗುಜರಿಗೆ ಕೊಡ್ಬೇಡಿ. ಈಗ ಸಿಗುವ ಲೋಕಲ್ ಪಾರ್ಟುಗಳಲ್ಲಿ ಅಳತೆ ಹೆಚ್ಚುಕಮ್ಮಿ ಇರ್ತದೆ, ಎಷ್ಟೋ ಸಲ ಹಳೇದನ್ನೇ ತೊಳೆದು ಹಾಕುದು ಉತ್ತಮ ಆಗ್ತದೆ.

ಜಾಮ್ ಆದ ಬೋಲ್ಟಿಗೆ ಅವಸರ ಬೇಡ. ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವಂಥದ್ದು) ಮತ್ತೆ ಅಸಿಟೋನ್ ಸಮ ಸಮ ಕಲಸಿ ಹನಿ ಹನಿ ಬಿಟ್ಟು ರಾತ್ರಿ ಇಡಿ, ಬೆಳಿಗ್ಗೆ ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಇನ್ನೊಂದ್ಸಲ ಬಿಡಿ. ಮೊದ್ಲು ಸ್ವಲ್ಪ ಬಿಗಿ ಮಾಡುವ ಕಡೆ ತಿರುಗಿಸಿ, ಮತ್ತೆ ಬಿಚ್ಚುವ ಕಡೆ. ಬಿಸಿ ಮಾಡ್ಬೇಕಾಗಿ ಬಂದ್ರೆ ಟ್ಯಾಂಕ್, ಕಾರ್ಬೊರೇಟರ್ ತೆಗೆದು ದೂರ ಇಟ್ಟು, ಹಚ್ಚಿದ ಎಣ್ಣೆ ಎಲ್ಲ ಒರೆಸಿ ಆದ್ಮೇಲೆ ಮಾತ್ರ.

ಎಂಜಿನ್

ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್ ಮತ್ತೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಸೇರಿಸುವ ಎಣ್ಣೆ) ಕಲಸಿ ಅರ್ಧ ಲೋಟದಷ್ಟು ಬಿಟ್ಟು ಎರಡು ಮೂರು ದಿನ ಬಿಡಿ. ಮತ್ತೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲ ಆಡಿಸಿ. ಪಿಸ್ಟನ್ ಸ್ವಲ್ಪ ಕದಲಿದ್ರೂ ಸಾಕು, ಅಲ್ಲಿಂದ ಬಿಡ್ತದೆ. ಕದಲದಿದ್ರೆ ಪುನಃ ಎಣ್ಣೆ, ಪುನಃ ಕಾಯುದು. ಕಿಕ್ಕರ್ ಮೇಲೆ ಹತ್ತಿ ನಿಲ್ಲುದು, ಮರದ ತುಂಡಿಟ್ಟು ಪಿಸ್ಟನ್ ತಲೆಗೆ ಹೊಡೆಯುದು, ಇದೆಲ್ಲ ಕನೆಕ್ಟಿಂಗ್ ರಾಡ್ ಬಗ್ಗಿಸುವ ಕೆಲಸ.

ತಿರುಗಿದ ಮೇಲೆ ಹೆಡ್, ಸಿಲಿಂಡರ್ ತೆಗೀರಿ. ಪಿಸ್ಟನ್ ಮೇಲೆ ಬಾಣದ ಗುರುತು ಇದ್ರೆ ಅದು ಸೈಲೆನ್ಸರ್ ಕಡೆಗೆ, ನೆನಪಿಡಿ. ಬೋರಿನಲ್ಲಿ ಬೆರಳು ಆಡಿಸಿ, ಉಗುರಿಗೆ ಸಿಗುವಷ್ಟು ಗೆರೆಯೋ ತುಕ್ಕಿನ ಗುಳಿಯೋ ಇದ್ರೆ ಬೋರ್ ಮಾಡಿಸ್ಲೇಬೇಕು. ಓವರ್‌ಸೈಜ್ ಪಿಸ್ಟನ್ 0.25 ಮಿಲಿಮೀಟರಿನ ಮೆಟ್ಟಿಲಲ್ಲಿ ಹೋಗ್ತದೆ, 0.25, 0.50, 0.75, 1.00 ಹೀಗೆ. ಮೊದ್ಲು ಪಿಸ್ಟನ್ ತಂದು ಕೈಯಲ್ಲಿ ಹಿಡಿದು, ಮತ್ತೆ ಲೇತಿನವರಿಗೆ ಸಿಲಿಂಡರ್ ಮತ್ತೆ ಪಿಸ್ಟನ್ ಎರಡೂ ಕೊಡಿ, ಪಿಸ್ಟನ್ ಅಳತೆ ನೋಡಿಯೇ ಬೋರ್ ಮಾಡ್ಬೇಕು. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದ್ಲು ಖಾಲಿ ಬೋರಿಗೆ ಇಳಿಸಿ, ತುದಿಗಳ ನಡುವಿನ ಗ್ಯಾಪ್ ಫೀಲರ್ ಗೇಜಿನಲ್ಲಿ ನೋಡಿ, ಈ ಸೈಜಿನ ಬೋರಿಗೆ 0.25ರಿಂದ 0.3 ಮಿಲಿಮೀಟರ್ ಹತ್ರ ಬರ್ಬೇಕು. ಗ್ಯಾಪ್ ಇಲ್ಲದಿದ್ರೆ ಬಿಸಿಯಾದಾಗ ತುದಿಗಳು ತಾಗಿ ರಿಂಗ್ ಮುರೀತದೆ. ಪಿನ್ನಿನ ಸರ್ಕ್ಲಿಪ್ ಯಾವತ್ತೂ ಹೊಸತೇ.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಬದಿಗೆ ಆಡಿದ್ರೆ ತೊಂದ್ರೆ ಇಲ್ಲ, ಮೇಲೆ ಕೆಳಗೆ ಸ್ವಲ್ಪವೂ ಆಡ್ಬಾರ್ದು. ಆಡಿದ್ರೆ ಬಿಗ್ ಎಂಡ್, ಅಂದ್ರೆ ರಾಡಿನ ಅಡಿಯ ಬೇರಿಂಗ್, ಹೋಗಿದೆ, ಕ್ರ್ಯಾಂಕ್ ಹೊರಗೆ ತೆಗೆದು ಪ್ರೆಸ್ ಮಾಡಿಸ್ಬೇಕು. ಅದು ಮನೆ ಕೆಲಸ ಅಲ್ಲ. ಕ್ರ್ಯಾಂಕ್ ಜೋಡಿಸಿ ಅಲುಗಾಡದೆ ಸೀದಾ ತಿರುಗುವ ಹಾಗೆ ಮಾಡ್ಲಿಕ್ಕೆ ಪ್ರೆಸ್ಸು, ಡಯಲ್ ಗೇಜು, ಕೈ ಪಳಗಿದವರು ಬೇಕು, ಮಂಗ್ಳೂರಿಗೋ ಮೈಸೂರಿಗೋ ಕೊಂಡೋಗುದೇ ಒಳ್ಳೇದು.

ಈಗ ಯಾರೂ ಗಮನ ಕೊಡದ ವಿಷಯ, ಕ್ರ್ಯಾಂಕಿನ ಎರಡು ಆಯಿಲ್ ಸೀಲ್. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪ್, ಪೆಟ್ರೋಲ್ ಗಾಳಿ ಅಲ್ಲಿಂದಲೇ ಮೇಲೆ ಹೋಗುದು, ಹಾಗಾಗಿ ಅಲ್ಲಿ ಗಾಳಿ ಸೋರಿದ್ರೆ ಎಷ್ಟು ಕಾರ್ಬೊರೇಟರ್ ತಿರುಗಿಸಿದ್ರೂ ಗಾಡಿ ಸರಿ ಆಗುದಿಲ್ಲ. ಎಡಬದಿ ಪ್ರೈಮರಿ ಚೈನಿನ ಕಡೆಯ ಸೀಲ್ ಹೋದ್ರೆ ಎಂಜಿನ್ ಗೇರ್ ಆಯಿಲನ್ನು ಒಳಗೆ ಎಳ್ಕೊಳ್ತದೆ, ಬಿಳಿ ಹೊಗೆ ನಿಲ್ಲುದೇ ಇಲ್ಲ, ಗೇರ್ ಬಾಕ್ಸಿನಲ್ಲಿ ಎಣ್ಣೆ ಇಳೀತಾ ಹೋಗ್ತದೆ. ಬಲಬದಿ ಕರೆಂಟಿನ ಕಡೆಯದ್ದು ಹೋದ್ರೆ ಹೊರಗಿನ ಗಾಳಿ ಎಳ್ಕೊಳ್ತದೆ, ಮಿಶ್ರಣ ತೆಳು ಆಗ್ತದೆ, ಆಕ್ಸಿಲರೇಟರ್ ಬಿಟ್ರೂ ಎಂಜಿನ್ ಕಿರುಚ್ತಾ ಇರ್ತದೆ, ಕೊನೆಗೆ ಬಿಸಿಗೆ ಪಿಸ್ಟನ್ ಹಿಡೀತದೆ. ಎಷ್ಟೋ ಜನ ಪಿಸ್ಟನ್ ಮೇಲೆ ಪಿಸ್ಟನ್ ಹಾಕಿ ಸುಸ್ತಾಗುದು ಈ ಒಂದು ಸಣ್ಣ ರಬ್ಬರಿನಿಂದ. ವರ್ಷಗಟ್ಲೆ ನಿಂತ ಗಾಡಿಯ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರ್ತದೆ, ನೋಡ್ಲಿಕ್ಕೆ ಸರಿ ಕಂಡ್ರೂ ಎರಡನ್ನೂ ಬದಲಾಯಿಸಿ. ಬಲಬದಿಯದ್ದಕ್ಕೆ ಹೋಗುದು ಸುಲಭ, ಎಡಬದಿಯದ್ದಕ್ಕೆ ಕ್ಲಚ್ಚು, ಪ್ರೈಮರಿ ಚೈನ್ ಬಿಚ್ಬೇಕು, ಮಾಡೆಲ್ ನೋಡಿ ಕೇಸೇ ಬಿಡಿಸ್ಬೇಕಾಗಿಯೂ ಬರ್ಬಹುದು. ಕ್ಲಚ್ಚಿಗೆ ಪುಲ್ಲರ್ ಬಳಸಿ, ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದ್ರೆ ಅಲ್ಯೂಮಿನಿಯಂ ಮುಖ ಹಾಳಾಗಿ ಮತ್ತೆ ಜೀವಮಾನ ಇಡೀ ಆಯಿಲ್ ಸೋರ್ತದೆ. ಹೊಸ ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿ, ಶಾಫ್ಟಿನ ಮೆಟ್ಟಿಲಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಜಾರಿಸಿ ಕೂರಿಸಿ, ಆಗ ತುಟಿ ಹರಿಯುದಿಲ್ಲ.

ಸೈಲೆನ್ಸರ್ ಎರಡರ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತಿನ ಕೊಳವೆ) ತೆಗೆದು ಕರಿ ಕೆರೆದು ಹಾಕಿ. ಎಕ್ಸಾಸ್ಟ್ ಪೋರ್ಟಿನ ಕರಿಯನ್ನು ಕಬ್ಬಿಣದಲ್ಲಿ ಕೆರೀಬೇಡಿ, ಬಿದಿರಿನ ಸೀಳು ಸಾಕು.

ಟ್ಯಾಂಕ್

ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ನಮ್ಮ ಹವೆಯಲ್ಲಿ ಸ್ಟಾರ್ಟ್ ಆಗದ ಗಾಡಿಗೆ ಹೆಚ್ಚಿನ ಸಲ ಕಾರಣ ಟ್ಯಾಂಕಿನೊಳಗಿನ ತುಕ್ಕು. ಅದು ಹುಡಿ ಹುಡಿಯಾಗಿ ಇಳಿದು ಕಾರ್ಬೊರೇಟರ್ ಜೆಟ್ಟಿಗೆ, ಅಂದ್ರೆ ಪೆಟ್ರೋಲ್ ಬರುವ ಸಣ್ಣ ತೂತಿಗೆ, ಕೂತ್ಕೊಳ್ತದೆ.

ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಟ್ಯಾಪ್ ಬಿಚ್ಚಿ ಆ ತೂತಿಗೆ ರಬ್ಬರ್ ವಾಶರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಎರಡು ಮೂರು ಸಲ ತೊಳೀರಿ, ಒಳಗಿನ ಎಣ್ಣೆ ಜಿಡ್ಡು ಹೋಗದಿದ್ರೆ ಆಸಿಡ್ ತುಕ್ಕಿಗೆ ತಾಗುದೇ ಇಲ್ಲ. ಮತ್ತೆ ಹಳೇ ಚೈನಿನ ಒಂದು ಗೇಣು ತುಂಡಿಗೆ ಸರಿಗೆ ಕಟ್ಟಿ ಒಳಗೆ ಬಿಟ್ಟು ಕುಲುಕಿ, ದಪ್ಪ ತುಕ್ಕು ಉದುರ್ತದೆ, ಸರಿಗೆ ಹಿಡಿದು ಚೈನ್ ವಾಪಸ್ ಎಳೀಬಹುದು. ಇದಾದ ಮೇಲೆ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್ ಅಂತ ಅಂಗಡಿಯಲ್ಲಿ ಸಿಗುವಂಥದ್ದು, ಲೀಟರ್ ಬಿಸಿನೀರಿಗೆ 80 ಗ್ರಾಂ ಲೆಕ್ಕದಲ್ಲಿ ಕರಗಿಸಿ ಬಾಯಿ ತನಕ ತುಂಬಿಸಿ, ಒಂದು ಟ್ಯಾಂಕಿಗೆ ಒಂದು ಕೆಜಿ ಹತ್ರ ಬೇಕಾಗ್ತದೆ. ಮುಚ್ಚಳ ಗಟ್ಟಿ ಹಾಕ್ಬೇಡಿ, ಗ್ಯಾಸ್ ಹೊರಗೆ ಹೋಗ್ಬೇಕು. ಅಂಗಡಿಯಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ತುಕ್ಕಿನ ಜೊತೆ ತಗಡನ್ನೂ ತಿಂತದೆ, ವೆಲ್ಡಿನ ಜಾಯಿಂಟಿನಲ್ಲಿ ಉಳಿದು ಆರು ತಿಂಗಳಾದ್ಮೇಲೆ ಸೂಜಿ ತೂತು ಮಾಡ್ತದೆ.

ಹನ್ನೆರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ. ನೀರು ಹಸಿರು ಹಳದಿ ಆಗಿರ್ತದೆ, ಒಳಗೆ ತಗಡು ಬೂದು ಬಣ್ಣಕ್ಕೆ ತಿರುಗಿದ್ರೆ ಆಯ್ತು, ಇನ್ನೂ ಕಂದು ಉಂಟಾದ್ರೆ ಹೊಸ ನೀರು ಮಾಡಿ ಇನ್ನೊಂದ್ಸಲ. ಖಾಲಿ ಮಾಡಿದ ಕೂಡ್ಲೇ ಒಳ್ಳೆ ನೀರಲ್ಲಿ ತೊಳೆದು, ಅಡಿಗೆ ಸೋಡ ಕರಗಿಸಿದ ನೀರು ಒಂದು ಸುತ್ತು, ಪುನಃ ಬರೀ ನೀರು. ಇಲ್ಲಿಂದ ಮುಂದೆ ಕೈ ಬೇಗ ಓಡ್ಬೇಕು. ಆಸಿಡ್‌ನಿಂದ ಹೊರಬಂದ ತಗಡು ನಮ್ಮ ಹವೆಯಲ್ಲಿ ಕಣ್ಣೆದುರಿಗೇ ಕಿತ್ತಳೆ ಬಣ್ಣಕ್ಕೆ ತಿರುಗ್ತದೆ. ಹೇರ್ ಡ್ರೈಯರ್ ಟ್ಯಾಂಕ್ ಬಾಯಿಗೆ ಹಿಡಿದು ಒಳಗೆ ಮುಟ್ಟಿದ್ರೆ ಬಿಸಿ ಆಗುವ ತನಕ ಒಣಗಿಸಿ, ಡ್ರೈಯರ್ ಆಫ್ ಮಾಡಿ ದೂರ ಇಟ್ಟು, ಟ್ಯಾಂಕ್ ತಣ್ಣಗಾದ ಮೇಲೆ ಟೂಟಿ ಆಯಿಲ್ ಮತ್ತೆ ಸ್ವಲ್ಪ ಪೆಟ್ರೋಲ್ ಕಲಸಿ ಒಳಗೆಲ್ಲ ಹಿಡಿಯುವ ಹಾಗೆ ತಿರುಗಿಸಿ. ಪೆಟ್ರೋಲ್ ಮುಟ್ಟಿದ ಟ್ಯಾಂಕಿನ ಹತ್ರ ಡ್ರೈಯರ್ ತರ್ಲೇಬಾರ್ದು. ತೊಳೆದ ನೀರನ್ನು ಬಾವಿ, ಕುಡಿಯುವ ನೀರಿನ ಸುರಂಗದ ಹತ್ರ ಚೆಲ್ಬೇಡಿ.

ಒಳಗೆ ಬಳಿಯುವ ಸೀಲರ್ ಬಗ್ಗೆ ಕೇಳ್ತಾರೆ. ತೂತು ಇಲ್ಲದಿದ್ರೆ ಹಾಕ್ಬೇಡಿ. ಸರಿಯಾಗಿ ಒಣಗದ ತಗಡಿಗೆ ಹಾಕಿದ ಸೀಲರ್ ಒಂದೆರಡು ಮಳೆಗಾಲದಲ್ಲಿ ಚಕ್ಕೆ ಎದ್ದು ಟ್ಯಾಪಿಗೆ ಬರ್ತದೆ, ಅದನ್ನು ತೆಗಿಯುದು ತುಕ್ಕು ತೆಗೆಯುದಕ್ಕಿಂತ ಕಷ್ಟ. ತೂತು ಇದ್ರೆ ಬ್ರೇಜ್, ಅಂದ್ರೆ ಹಿತ್ತಾಳೆ ಬೆಸುಗೆ ಮಾಡಿಸಿ, ಆದ್ರೆ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತಾಗಿಸುದು ಅಂದ್ರೆ ಪ್ರಾಣದ ವಿಷಯ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸ್ಫೋಟ ಆಗುದು. ಹಲವು ಸಲ ಸೋಪು ನೀರಲ್ಲಿ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿ, ಟ್ಯಾಂಕ್ ಕೆಲಸ ಗೊತ್ತಿರುವವರ ಹತ್ರವೇ ಮಾಡಿಸಿ.

ಈಗ ಬಂಕಿನಲ್ಲಿ ಬರುದು ಇ20, ಅಂದ್ರೆ 20 ಶೇಕಡ ಎಥನಾಲ್. ಎಥನಾಲ್ ಗಾಳಿಯ ತೇವ ಎಳ್ಕೊಳ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡ್ತದೆ. ಹಾಗಾಗಿ ಪೆಟ್ರೋಲ್ ಪೈಪ್, ಟ್ಯಾಪಿನ ವಾಶರ್, ಕಾರ್ಬೊರೇಟರಿನ ರಬ್ಬರ್ ಎಲ್ಲ ಹೊಸತು ಹಾಕಿ. ಒಂದು ವಾರಕ್ಕಿಂತ ಜಾಸ್ತಿ ನಿಲ್ಲಿಸುದಾದ್ರೆ ಟ್ಯಾಪ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡ್ಲಿ, ಕಾರ್ಬೊರೇಟರ್ ಖಾಲಿ ಆಗ್ತದೆ. ಕಾರ್ಬೊರೇಟರ್ ಜೆಟ್ಟಿಗೆ ಪಿನ್ನು, ಸರಿಗೆ ಹಾಕ್ಬೇಡಿ, ತೂತಿನ ಅಳತೆ ಬದಲಾಗ್ತದೆ, ಕ್ಲೀನರ್ ಸ್ಪ್ರೇ ಮತ್ತೆ ಗಾಳಿ ಸಾಕು.

ಕರೆಂಟ್

ಹಳೇ ವಯರಿಂಗನ್ನು ಅಲ್ಲಲ್ಲಿ ಟೇಪ್ ಸುತ್ತಿ ಬದುಕಿಸ್ಲಿಕ್ಕೆ ಹೋಗ್ಬೇಡಿ, ಹೊಸ ಹಾರ್ನೆಸ್, ಅಂದ್ರೆ ಪೂರ್ತಿ ವಯರ್ ಸೆಟ್, ಹಾಕಿ. 6 ವೋಲ್ಟಿನ ಗಾಡಿಯಾದ್ರೆ ಒಂದು ವಿಷಯ ತಲೆಯಲ್ಲಿ ಇರ್ಲಿ: 35 ವಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 3 ಆಂಪಿಯರ್ ಹರಿದ್ರೆ 6 ವೋಲ್ಟಿನಲ್ಲಿ 6 ಆಂಪಿಯರ್ ಹರೀತದೆ, ಹಾಗಾಗಿ ವಯರ್ ದಪ್ಪ ಬೇಕು, ಅರ್ತಿಂಗ್ ಚೊಕ್ಕ ಬೇಕು. "6 ವೋಲ್ಟ್ ಅಂದ್ರೆ ಲೈಟೇ ಇಲ್ಲ" ಅನ್ನುವವರ ಗಾಡಿಯಲ್ಲಿ ಹೆಚ್ಚಾಗಿ ಇರುದು ಅರ್ತಿಂಗಿನ ತೊಂದ್ರೆ. ಫ್ರೇಮಿಗೆ ತಾಗುವ ಜಾಗದಲ್ಲಿ ಪೇಂಟ್ ಕೆರೆದು, ಬೋಲ್ಟ್ ಬಿಗಿ ಮಾಡಿ, ಮೇಲಿನಿಂದ ವ್ಯಾಸಲೀನ್ ಹಚ್ಚಿ. ಪ್ರತಿ ಕನೆಕ್ಟರಿಗೂ ವ್ಯಾಸಲೀನ್, ಜಾಯಿಂಟಿಗೆಲ್ಲ ಬಿಸಿಗೆ ಕುಗ್ಗುವ ಸ್ಲೀವ್. ಆಟಿ ತಿಂಗಳ ಮಳೆಯಲ್ಲಿ ಇದ್ರ ಬೆಲೆ ಗೊತ್ತಾಗ್ತದೆ.

ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು) ಇರುವ ಮಾಡೆಲ್ ಆದ್ರೆ ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್, ಪ್ಲಗ್ಗಿನದ್ದು 0.6. ಟೈಮಿಂಗ್ ನೋಡ್ಲಿಕ್ಕೆ ಬ್ಯಾಟರಿ ಇಗ್ನಿಶನ್ನಿನ ಗಾಡಿಯಲ್ಲಿ ಸುಲಭ ದಾರಿ ಉಂಟು: ಒಂದು ಸಣ್ಣ ಬಲ್ಬಿನ ಒಂದು ವಯರ್ ಪಾಯಿಂಟಿನ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ. ಕೀ ಆನ್ ಮಾಡಿ ಎಂಜಿನ್ ಮೆಲ್ಲ ತಿರುಗಿಸಿ, ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತದೆ. ಪ್ಲಗ್ ತೂತಿನಿಂದ ಅಳತೆ ಗೇಜ್ ಇಳಿಸಿ, ಪಿಸ್ಟನ್ ತುದಿಗೆ ಬರುವ ಮೊದ್ಲು ಎಷ್ಟು ಮಿಲಿಮೀಟರ್ ಕೆಳಗೆ ಬಲ್ಬ್ ಹತ್ತಬೇಕು ಅಂತ ನಿಮ್ಮ ಮಾಡೆಲಿನ ಪುಸ್ತಕದಲ್ಲಿ ಇರ್ತದೆ, ಅದಕ್ಕೆ ಪ್ಲೇಟ್ ಸರಿಸಿ. ಅಂದಾಜಿಗೆ ಬಿಡ್ಬೇಡಿ.

ಬ್ರೇಕು, ಟಯರಿನ ವಿಷಯದಲ್ಲಿ ಹಳೇದರ ಮೋಹ ಬೇಡ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ನಾಲ್ಕು ಅಂಕೆಯೇ ಇಲ್ಲದಿದ್ರೆ ಅದು 2000ಕ್ಕಿಂತ ಮೊದ್ಲಿನದ್ದು, ಬಿಸಾಡಿ. ಟ್ಯೂಬ್, ಬ್ರೇಕ್ ಶೂ, ಎಲ್ಲ ಕೇಬಲ್, ಚಕ್ರದ ಬೇರಿಂಗ್ ಹೊಸತು. ಹಳೇ ಶೂವಿನಲ್ಲಿ ಆಸ್ಬೆಸ್ಟಾಸ್ ಇರ್ತದೆ, ಡ್ರಮ್ಮಿನ ಧೂಳನ್ನು ಊದ್ಬೇಡಿ, ಕಂಪ್ರೆಸರ್ ಹಿಡಿಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹ್ಯಾಂಡಲ್ ಮಧ್ಯದಿಂದ ತಿರುಗಿಸುವಾಗ ಒಂದು ಕಡೆ ಕಟ್ ಅಂತ ಹಿಡಿದ ಹಾಗೆ ಆದ್ರೆ ಕೋನ್‌ಸೆಟ್, ಅಂದ್ರೆ ಹ್ಯಾಂಡಲಿನ ಬೇರಿಂಗ್, ಬದಲಾಯಿಸಿ.

ಸ್ಟಾರ್ಟ್ ಮಾಡುದು, ಓಡಿಸುದು

ಗೇರ್ ಆಯಿಲ್ ಹೊಸತು, ಲೆವೆಲ್ ಸ್ಕ್ರೂ ತನಕ. ಪೆಟ್ರೋಲಿಗೆ ಟೂಟಿ ಆಯಿಲ್ ಲೀಟರಿಗೆ 40 ಎಂಎಲ್, ಅಂದ್ರೆ 25ಕ್ಕೆ 1, ಬೋರ್ ಪಳಗುವ ತನಕ ಹಾಗೇ ಇರ್ಲಿ. ಮೊದ್ಲು ಬೇರೆ ಕ್ಯಾನಿನಲ್ಲಿ ಕಲಸಿ ಕುಲುಕಿ ಟ್ಯಾಂಕಿಗೆ ಹೊಯ್ಯಿರಿ, ಟ್ಯಾಂಕಿಗೇ ಆಯಿಲ್ ಸುರಿದ್ರೆ ಅಡಿಯಲ್ಲಿ ಕೂತು ಮೊದ್ಲು ಬರೀ ಆಯಿಲ್, ಮತ್ತೆ ಬರೀ ಪೆಟ್ರೋಲ್ ಹೋಗ್ತದೆ. ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದು ನೀಲಿ ಕಿಡಿ ಬರ್ತದಾ ನೋಡಿ, ಆಗ ಟ್ಯಾಂಕ್, ಪೆಟ್ರೋಲ್ ಕ್ಯಾನ್ ದೂರ ಇರ್ಲಿ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಓಡಿಸಿ ಪೂರ್ತಿ ತಣ್ಣಗಾಗ್ಲಿಕ್ಕೆ ಬಿಡಿ, ಹೆಡ್ಡಿನ ನಟ್ ಪುನಃ ಅಡ್ಡಕ್ಕಡ್ಡ ಕ್ರಮದಲ್ಲಿ ಬಿಗಿ ಮಾಡಿ.

ಮೊದಲ 500 ಕಿಲೋಮೀಟರ್ ಒಂದೇ ಸ್ಪೀಡಿನಲ್ಲಿ ಹೋಗ್ಬೇಡಿ, ಪೂರ್ತಿ ಆಕ್ಸಿಲರೇಟರ್ ಕೊಡ್ಬೇಡಿ. ಏತಡ್ಕ, ಬಾಯಾರು ಕಡೆಯ ಏರು ತಿರುವಿನಲ್ಲಿ ಟಾಪ್ ಗೇರಿನಲ್ಲೇ ಎಳೆಯದೆ ಗೇರ್ ಇಳಿಸಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನಲ್ಲಿ ಉದ್ದಕ್ಕೆ ಬಂದ್ರೆ ಪೆಟ್ರೋಲ್ ಜೊತೆ ಆಯಿಲ್ಲೂ ಬರುದು ನಿಲ್ತದೆ, ನಡು ನಡುವೆ ಸ್ವಲ್ಪ ಆಕ್ಸಿಲರೇಟರ್ ತೆರೀರಿ. ಒಂದು ಓಟ ಮುಗಿಸಿ ಬಂದು ಪ್ಲಗ್ ನೋಡಿ, ಕಾಫಿ ಬಣ್ಣ ಒಳ್ಳೇದು, ಒದ್ದೆ ಕಪ್ಪು ಆದ್ರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬಿಳಿ ಆದ್ರೆ ಗಾಳಿ ಜಾಸ್ತಿ, ಆಗ ಗಾಡಿ ಓಡಿಸುದು ನಿಲ್ಲಿಸಿ ಸೀಲು, ಪ್ಯಾಕಿಂಗ್ ನೋಡಿ.

ಇನ್ನು ಪೇಂಟ್

ಮಳೆಗಾಲದಲ್ಲಿ ಪೇಂಟ್ ಹೊಡೆಸ್ಲೇಬೇಡಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂತ್ಕೊಳ್ತದೆ, ಬಣ್ಣದ ಮೇಲೆ ಬಿಳಿ ಮಸುಕು ಬರ್ತದೆ, ಅಡಿಯಲ್ಲಿ ಸಿಕ್ಕಿದ ತೇವ ಮುಂದಿನ ವರ್ಷ ಗುಳ್ಳೆ ಆಗ್ತದೆ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿ ತನಕ, ಬಿಸಿಲು ಏರಿದ ಮೇಲೆ ಹತ್ತು ಗಂಟೆಯಿಂದ ಮೂರು ಗಂಟೆ ಒಳಗೆ ಸ್ಪ್ರೇ ಮಾಡುದು ಒಳ್ಳೇದು. ಎಂಜಿನ್, ಕರೆಂಟಿನ ಕೆಲಸ ಎಲ್ಲ ಮಳೆಗಾಲದಲ್ಲಿ ಶೆಡ್ಡಿನೊಳಗೆ ಮುಗಿಸಿ, ಮಳೆ ಬಿಟ್ಟ ಮೇಲೆ ಓಡಿಸಿ ನೋಡಿ, ಚಳಿಗಾಲಕ್ಕೆ ಪೇಂಟ್, ಹೀಗೆ ಲೆಕ್ಕ ಹಾಕಿದ್ರೆ ವರ್ಷಕ್ಕೆ ಸರಿ ಆಗ್ತದೆ.

ಫ್ರೇಮನ್ನು ಬರೀ ಲೋಹ ಕಾಣುವ ತನಕ ತಂದು, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೀಬೇಕು, ನಾಳೆಗೆ ಅಂತ ಇಟ್ರೆ ಬೆಳಿಗ್ಗೆ ತುಕ್ಕು. ಫ್ರೇಮ್ ಪೈಪಿನ ಒಳಗೆ, ಮಡ್ಗಾರ್ಡಿನ ಒಳಬದಿ, ಬ್ಯಾಟರಿ ಡಬ್ಬಿಯ ಅಡಿ, ಇಲ್ಲೆಲ್ಲ ಹೊರಗಿನಷ್ಟೇ ಕಾಳಜಿ ಬೇಕು, ತುಕ್ಕು ಶುರು ಆಗುದೇ ಅಲ್ಲಿಂದ. ಪುಟ್ಟಿ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು, ದೊಡ್ಡ ಡೆಂಟನ್ನು ಮೊದ್ಲು ತಟ್ಟಿ ಎಬ್ಬಿಸಿ. ಹಾರ್ಡ್‌ನರ್ ಹಾಕುವ ಪಿಯು (ಪಾಲಿಯುರೆಥೇನ್) ಪೇಂಟಿನಲ್ಲಿ ಐಸೊಸಯನೇಟ್ ಅಂತ ಶ್ವಾಸಕ್ಕೆ ಕೆಟ್ಟ ರಾಸಾಯನಿಕ ಇರ್ತದೆ, ಮೂಗಿಗೆ ಬಟ್ಟೆ ಕಟ್ಟಿದ್ರೆ ಏನೂ ಪ್ರಯೋಜನ ಇಲ್ಲ. ಅದಕ್ಕೆ ಹೊರಗಿನ ಗಾಳಿ ಕೊಡುವ ಮಾಸ್ಕು, ಬೂತ್ ಇರುವ ಪೇಂಟರೇ ಬೇಕು. ಮನೆಯಲ್ಲಿ ಪ್ರೈಮರ್ ತನಕ ಮಾಡಿ, ಕೊನೆಯ ಕೋಟ್ ಅವರಿಂದ ಹೊಡೆಸಿ. ಬಣ್ಣ ಆರ್‌ಸಿಯಲ್ಲಿ ಇರುವದ್ದೇ ಇರ್ಲಿ, ಬದಲಾಯಿಸಿದ್ರೆ ಆರ್‌ಟಿಒದಲ್ಲಿ ಬರೆಸ್ಬೇಕು. ಟ್ಯಾಂಕಿನ ಕ್ರೋಮ್ ಇನ್ನೂ ಹೊಳಪು ಬರುವ ಹಾಗಿದ್ರೆ ಅದನ್ನೇ ಉಳಿಸಿ, ಈಗಿನ ಅಗ್ಗದ ಪ್ಲೇಟಿಂಗಿನಲ್ಲಿ ತಾಮ್ರ, ನಿಕ್ಕಲ್ ಪದರ ತೆಳು ಇರ್ತದೆ, ಉಪ್ಪುಗಾಳಿಗೆ ನಿಲ್ಲುದಿಲ್ಲ.

ಪಾರ್ಟಿಗೆ ಮೈಸೂರು, ಮತ್ತೆ ಬೆಂಗ್ಳೂರಿನ ಜೆಸಿ ರೋಡ್. ಹಳೇ ಪಾರ್ಟನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ, ಪಕ್ಕಕ್ಕಿಟ್ಟು ಅಳತೆ ನೋಡಿ ತಗೊಳ್ಳಿ. ಜುಲೈ ಎರಡನೇ ಭಾನುವಾರ ಜಾವಾ ಡೇ ಅಂತ ಮಾಡ್ತಾರೆ, ಹಳೇ ಗಾಡಿಯವರೆಲ್ಲ ಸೇರ್ತಾರೆ, ಯಾವ ಅಂಗಡಿಯ ಸೀಲ್ ಒಳ್ಳೇದು, ಯಾವ ಪಿಸ್ಟನ್ ಬಾಳ್ತದೆ ಅಂತ ಓಡಿಸುವವರ ಬಾಯಿಂದಲೇ ಕೇಳ್ಬಹುದು.

ಗಾಡಿ ತಯಾರಾದ ಮೇಲೆ ಹಟ್ಟಿ ಪಕ್ಕ, ಮದ್ದಿನ ಶೆಡ್ಡು ಎರಡೂ ಬೇಡ. ಡಬಲ್ ಸ್ಟ್ಯಾಂಡ್ ಅಡಿಗೆ ಹಲಗೆ ಇಟ್ಟು ನಿಲ್ಲಿಸಿ, ಪ್ಲಾಸ್ಟಿಕ್ ಹೊದಿಸ್ಬೇಡಿ, ಒಳಗೆ ನೀರು ಬೆವರ್ತದೆ, ಹಳೇ ಹತ್ತಿ ಬೆಡ್‌ಶೀಟ್ ಸಾಕು. ಮಳೆಗಾಲ ಪೂರ್ತಿ ನಿಲ್ಲಿಸುದಾದ್ರೆ ಟ್ಯಾಂಕಿನ ಪೆಟ್ರೋಲ್ ತೆಗೆದು ಒಳಗೆ ಪುನಃ ಟೂಟಿ ಆಯಿಲ್ ಆಡಿಸಿ, ಪ್ಲಗ್ ತೂತಿಗೂ ಒಂದು ಚಮಚ ಬಿಟ್ಟು ನಾಲ್ಕು ಸಲ ಮೆಲ್ಲ ಕಿಕ್ ತಿರುಗಿಸಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ, ಸೈಲೆನ್ಸರ್ ಎರಡರ ಬಾಯಿಗೂ ಬಟ್ಟೆ ತುರುಕಿ, ಅದು ತೆಗೀಲಿಕ್ಕೆ ನೆನಪಾಗುವ ಹಾಗೆ ಹ್ಯಾಂಡಲಿಗೆ ಒಂದು ಕೆಂಪು ದಾರ ಕಟ್ಟಿ.